ಒಂದೇ ಹೊಟ್ಟೆಯ ಎರಡು ಮೆದುಳು

ತಲೆಗಾಯ ಪುನರ್ವಸತಿ ವಿಭಾಗದ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನನ್ನ ಗಂಡನ ನೆನಪಿನ ತರಬೇತಿಯನ್ನು ನೀವು ನಿಲ್ಲಿಸಿದ್ದು ಅವರ ತಮ್ಮ ಗುಣವಾದ ಎಂಬ ಕಾರಣಕ್ಕೆ. ಒಬ್ಬ ಉಂಡರೆ ಇನ್ನೊಬ್ಬನ ಹೊಟ್ಟೆ ತುಂಬುತ್ತದೆಂದು ಈವರೆಗೆ ಯಾರೂ ಹೇಳಿರಲಿಲ್ಲ. ಆ ಹೊಸ ಶಾಸ್ತ್ರಕ್ಕಾಗಿ ಮೊದಲು ನಿಮಗೆ ವಂದನೆ.

ಅಣ್ಣತಮ್ಮಂದಿರಿಬ್ಬರೂ ಅಂಗಡಿಗಳ ಬೋರ್ಡು ಬರೆಯುವವರು. ಬೋರ್ಡು ಬರೆಯಲು ಕಟ್ಟಿದ್ದ ಅಟ್ಟಣಿಗೆ ಕುಸಿದು ಒಟ್ಟಿಗೇ ಬಿದ್ದರು, ಇಬ್ಬರ ತಲೆಗೂ ಏಟಾಯಿತು. ಮೈದುನ ಈಗ ಮತ್ತೆ ಏಣಿ ಹತ್ತುತ್ತಾನೆ. ಅವನಿಗೆ ಕುಂಚ ಹಿಡಿಯಲು ಕಲಿಸಿದ ನನ್ನ ಯಜಮಾನರು ‘ಔಷಧಿ’ ಎಂದು ಬರೆಯಲು ಹೋಗಿ, ‘ಔ’ ಮುಗಿಸಿ ನನ್ನ ಮುಖ ನೋಡುತ್ತಾರೆ: “ಲೇ, ಇದರ ಮುಂದೆ ಏನೇ?” ತರಬೇತಿ ನಡೆಯುತ್ತಿದ್ದಾಗ ‘ಷ’ದವರೆಗೂ ಬಂದಿದ್ದರು. ನಿಂತ ಮೇಲೆ ಮತ್ತೆ ಬರೀ ‘ಔ’.

ನಿಮ್ಮ ಕಚೇರಿಯಲ್ಲಿ ನೀವಂದದ್ದು: “ತಮ್ಮ ಸರಿಹೋಗಿದ್ದಾನಲ್ಲಮ್ಮ, ಒಂದೇ ಹೊಟ್ಟೇಲಿ ಹುಟ್ಟಿದವರು. ಇವರಿಗೇನು ಧಾಡಿ?” ಆ ಧಾಡಿ ಏನೆಂದು ಡಾಕ್ಟರನ್ನು ಕಾಡಿಸಿ, ಗ್ರಂಥಾಲಯದಲ್ಲಿ ಕಣ್ಣು ಸವೆಸಿ ತಿಳಿದುಕೊಂಡೆ. ಪೆಟ್ಟು ತಿಂದ ನರಕೋಶಗಳ ರಿಪೇರಿಗೆ ಕೊಬ್ಬು ಹೊತ್ತು ತರುವ ಒಂದು ಪ್ರೋಟೀನ್ ಇದೆ, ಎಪೋ-ಇ ಅಂತ. ಅದು ಯಾವ ಬಗೆಯದೆಂಬುದು ತಂದೆತಾಯಿಯಿಂದ ಬಂದ ಜೀನಿನ ಮೇಲೆ ನಿಂತಿದೆ. ಒಂದು ಬಗೆ ಚುರುಕು ಮೇಸ್ತ್ರಿ, ಇನ್ನೊಂದು ಮೈಗಳ್ಳ. ಟೌ ಎಂಬ ಮತ್ತೊಂದು ಪ್ರೋಟೀನ್ ಏಟಿನ ನಂತರ ಜಾಗ ಬಿಟ್ಟು ಗಂಟುಗಂಟಾಗುವುದೂ ಉಂಟು. ಒಡಹುಟ್ಟಿದವರಿಗೂ ಬೇರೆ ಬೇರೆ ಜೀನು ಪಾಲಿಗೆ ಬರಬಹುದಂತೆ. ಆಸ್ತಿ ಪಾಲಾದಾಗ ತುಟಿ ಬಿಚ್ಚದ ನಾನು ಈ ಪಾಲಿಗೆ ಹೊಟ್ಟೆ ಉರಿದುಕೊಂಡೆ.

ಜೀನಿನ ಪರೀಕ್ಷೆ ಮಾಡಿಸಿದಾಗ ಇವರದು ಮೈಗಳ್ಳ ಬಗೆಯೆಂದು ಬಂತು. ಅದನ್ನು ಹೇಳಿದರೆ ನೀವು, “ಹಾಗಿದ್ರೆ ತರಬೇತಿ ಕೊಟ್ಟು ತಾನೆ ಏನು ಪ್ರಯೋಜನ?” ಅಂದಿರಿ. ಜೀನು ಒಳ್ಳೆಯದಾದರೆ ಬೇಕಿಲ್ಲ, ಕೆಟ್ಟದಾದರೆ ಫಲವಿಲ್ಲ. ಮತ್ತೆ ನಿಮ್ಮ ತರಬೇತಿ ಇರುವುದು ಯಾರಿಗೆ, ತಲೆಗೆ ಪೆಟ್ಟೇ ಬೀಳದವರಿಗೆ? ಡಾಕ್ಟರು ಹೇಳಿದ್ದು ಬೇರೆ: “ಅದು ಸಾಧ್ಯತೆ ಕಣಮ್ಮ, ತೀರ್ಪಲ್ಲ. ನಿಧಾನ ಆಗಬಹುದು, ಬಿಡಬೇಡಿ.”

ಮೊನ್ನೆ ಓರಗಿತ್ತಿ ಬಂದು ಗೋಳಾಡಿದಳು: “ಅಕ್ಕಾ, ನಿಮ್ಮ ಮೈದುನಂಗೆ ಏನು ಬಂದಿದ್ಯೋ, ಮದುವೆ ಹೊಸದರಲ್ಲಿ ನಾನಂದ ಮಾತೆಲ್ಲ ಎತ್ತೆತ್ತಿ ಜಗಳ ತೆಗೀತಾರೆ.” ಹಳೆಯದನ್ನು ನೆನಪಿಟ್ಟು ಜಗಳವಾಡುವ ಗಂಡ. ಅದೃಷ್ಟವೆಂದರೆ ಅದು. ಅವಳಿಗೆ ಚಹಾ ಕೊಟ್ಟೆ, ಸಕ್ಕರೆಯನ್ನು ಬೇಕೆಂದೇ ಕಡಿಮೆ ಹಾಕಿದೆ.

ಆದ್ದರಿಂದ ಮಾನ್ಯರೇ, ತರಬೇತಿಯನ್ನು ಮತ್ತೆ ಶುರುಮಾಡಿಸಿ. ಇವರನ್ನು ಇವರ ನಿನ್ನೆಯ ಜೊತೆ ಹೋಲಿಸಿ ನೋಡಿ. ತಮ್ಮನ ಪಕ್ಕ ನಿಲ್ಲಿಸಿ ಅಳೆಯುವ ಪಾಪದ ಕೆಲಸಕ್ಕೆ ಮನೆಯಲ್ಲಿ ನಾನೊಬ್ಬಳಿದ್ದೇನೆ. ಅದಕ್ಕೆ ಸರ್ಕಾರದ ನೆರವು ಬೇಕಿಲ್ಲ.

ಇಂತಿ,
ಹೊಟ್ಟೆಕಿಚ್ಚಿಗೆ ಇನ್ನೂ ಮದ್ದು ಸಿಗದ,
ಆ ಮನೆಯ ಹಿರಿಯ ಸೊಸೆ