ಬೂಷ್ಟು ಹಿಡಿದ ಕಡಲೆಬೀಜದ ಉಂಡೆ

ಗಂಗಾನಗರ,
17 ಆಗಸ್ಟ್ 2025

ಯಲಹಂಕಾಧೀಶ್ವರಿ, ಐದು ತಿಂಗಳ ಗರ್ಭಿಣಿ, ಶ್ರೀಮತಿ ನಂದಿತಕ್ಕನವರ ಪಾದಗಳಿಗೆ,

ತಮ್ಮ ಸಿದ್ದುವಿನ ಸಾಷ್ಟಾಂಗ. ಪರೀಕ್ಷೆಯ ನೆಪ ಹೇಳಿ ತಿಂಗಳಿಂದ ನಿನ್ನ ಕಡೆ ತಲೆ ಹಾಕಲಿಲ್ಲ, ಕ್ಷಮಿಸು. ಉಮೇಶ್ ಭಾವನ ಕೈಯಲ್ಲಿ ಬಂದ ಡಬ್ಬಿ ಖಾಲಿಯಿದೆ. ಅವಳಿ ಮಕ್ಕಳ ಸುಳ್ಳು ಸ್ಕ್ಯಾನ್ ಕಳಿಸಿ ಭಾವನ ಬೆವರಿಳಿಸಿದವನು ನಾನೇ ಆದರೂ, ಇದು ತಮಾಷೆಯಲ್ಲ. ಅದಕ್ಕೇ ಮೆಸೇಜ್ ಬಿಟ್ಟು ಕಾಗದ.

ಡಬ್ಬಿಯಲ್ಲಿ ಅಜ್ಜಿ ನಿನಗೆಂದು ಕಟ್ಟಿದ ಕಡಲೆಬೀಜದ ಉಂಡೆಗಳಿದ್ದವು. ಈ ಮಳೆಗೆ ಮೂಟೆ ಬೂಷ್ಟು ಹಿಡಿದಿತ್ತು. ಎಂದಿನಂತೆ ಬೀಜವನ್ನು ಬಟ್ಟೆಯಲ್ಲಿ ಉಜ್ಜಿ, ಹುರಿದು, ಬೆಲ್ಲ ಹಾಕಿದಳು. ನಾನು ಬೇಡವೆಂದರೆ, "ಓಗ್ಲಾ, ದನದ ಡಾಕ್ಟ್ರೇ! ಉರುದ್ಮೇಲೂ ಬೂಷ್ಟು ಉಳೀತದಾ?" ಎಂದಳು.

ಬೂಷ್ಟು ಸಾಯುತ್ತದೆ ಅಕ್ಕ, ಅದು ಬಿಟ್ಟ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಹೆಬ್ಬಾಳದ ನಮ್ಮ ಪಶುವೈದ್ಯ ಕಾಲೇಜಿನಲ್ಲಿ ರಕ್ಷಾ ಮೇಡಂ ಈ ಪಾಠ ಮಾಡಿದ ದಿನ ನಾನು ಬಾಯಿ ತೆರೆದು ಕೂತಿದ್ದೆ. "ಏನ್ ಮಗಾ, ಹುಷಾರಿಲ್ವಾ?" ಎಂದು ಪಕ್ಕದ ಮುಬೀನ್ ಹಣೆ ಮುಟ್ಟಿ ನೋಡಿದ. ಹೆಬ್ಬಾಳದ ಫ್ಲೈಓವರನ್ನೇ ನೋಡು, ಅದು ಇದ್ದ ಹಾಗೇ ಇರುತ್ತದೆ. ಪೊಲೀಸಪ್ಪ ಒಂದು ಬ್ಯಾರಿಕೇಡ್ ಸರಿಸುತ್ತಾನೆ, ಊರಿನ ವಾಹನವೆಲ್ಲ ಬೇರೆ ದಾರಿ ಹಿಡಿಯುತ್ತದೆ. ಆ ವಿಷವೂ ಜೀನಿನ ಅಕ್ಷರ ಬದಲಿಸದೆಯೇ ಅದರ ಮೇಲಿನ ಗುರುತು ಸರಿಸಬಲ್ಲದಂತೆ: ತೆರೆದಿರಬೇಕಾದದ್ದು ಮುಚ್ಚುತ್ತದೆ, ಮುಚ್ಚಿರಬೇಕಾದದ್ದು ತೆರೆಯುತ್ತದೆ. ಎಪಿಜೆನೆಟಿಕ್ಸ್ ಎಂದರೆ ಇದೇ. ತಾಯಿ ತಿಂದದ್ದರ ಗುರುತು ಹೊಟ್ಟೆಯೊಳಗಿನ ಕೂಸಿನಲ್ಲೂ ಕಂಡಿದೆಯಂತೆ. ಇನ್ನೂ ಹೆಸರಿಲ್ಲದ ನಮ್ಮ ಕೂಸಿಗೆ ಒಂದು ಚಿಟಿಕೆ ಹಸಿರು ಪುಡಿ ದಾರಿ ತೋರಿಸುವುದೆಂದರೆ! ನನಗೇ ನಗು ಬರಲಿಲ್ಲ, ಯೋಚಿಸು.

ಹಾಗಾಗಿ ಉಂಡೆಗಳನ್ನು ಸಕಲ ಮರ್ಯಾದೆಗಳೊಂದಿಗೆ ಕಸದ ಆಟೋ ಹತ್ತಿಸಿ ಬೀಳ್ಕೊಟ್ಟೆ. ಅಜ್ಜಿ ಮತ್ತೆ ಕಳಿಸಿದರೆ ತಿನ್ನಬೇಡ. ಒಳಗಿರುವವರಿಗೆ ಸೋದರಮಾವನ ಆಶೀರ್ವಾದ ಮುಟ್ಟಿಸು: ಗುಂಡುಗುಂಡಾಗಿ ಬಾ, ತರಲೆ ನಾನು ಕಲಿಸುತ್ತೇನೆ.

ನಿನ್ನ
ಸಿದ್ದು

ಮೇಲೆ ಬರೆಯದೆ ಬಿಟ್ಟದ್ದು: ಅಮ್ಮ ಇದ್ದಾಗ ಮೊರ ಹಿಡಿದು ಕೂತು, ಒಳ್ಳೆಯ ಬೀಜ ನಮಗೆ ಆರಿಸಿ, ಬೂಷ್ಟಿನದನ್ನು ಸೆರಗಿಗೆ ಒರೆಸಿ ತಾನು ತಿನ್ನುತ್ತಿದ್ದದ್ದು ನೆನಪಿದೆಯಾ? ಈ ಪಾಠವನ್ನು ಅಜ್ಜಿಗೂ ಒಪ್ಪಿಸಿದೆ. ಆಮೇಲೆ, "ಬಿಸಾಕ್ಬ್ಯಾಡ, ನೀನೇ ತಿನ್ಕೋ ಅಂತ ಅವ್ಳಿಗೆ ಏಳ್ತಿದ್ದೋಳು ನಾನೇ ಕಣ್ಲಾ. ಲಿವರ್ ಕೆಟ್ಟು ಓದ್ಲಲ್ಲ, ಅದ್ರಿಂದ್ಲೇನಾ?" ಎಂದಳು. ಅದನ್ನು ಈಗ ಯಾರೂ ಹೇಳಲಾರರು ಅಕ್ಕ. "ಥೂ, ಅಲ್ಲ ಕಣಜ್ಜಿ" ಎಂದೆ. ನನ್ನ ಮಾತನ್ನು ಅವಳು ಯಾವತ್ತು ನಂಬಿದ್ದಾಳೆ? ನಿನ್ನನ್ನೂ ಕೇಳುತ್ತಾಳೆ. ನೀನೂ ಅಲ್ಲ ಅನ್ನು.