ಪೆಡಲ್ ಇನ್ನೂ ಮೆತ್ತಗೇ ಇದೆ

ಮಾರ್ಚ್ ೯, ಭಾನುವಾರ

ಬ್ರೇಕ್ ಪೆಡಲ್ ಇನ್ನೂ ಸ್ಪಂಜಿನ ಹಾಗೆ ಮೆತ್ತಗಿದೆ. ಇಡೀ ರಜೆ ಮಣ್ಣುಪಾಲು.

ನನ್ನ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಅದೇ ಕಂಪನಿಯ ದೊಡ್ಡ ಸೆಡಾನಿನ ಬ್ರೇಕ್ ಹಾಕುವುದು ಹೂವೆತ್ತಿದಷ್ಟು ಸುಲಭ ಎಂದು ಎಲ್ಲರೆದುರು ಕೊಚ್ಚಿಕೊಂಡಿದ್ದೆ. ಡಿಸ್ಕ್, ಅದನ್ನು ಹಿಡಿಯುವ ಕ್ಯಾಲಿಪರ್, ಎಲ್ಲ ಹೇಳಿ ಮಾಡಿಸಿದಂತೆ ಕೂತವು. ಬ್ರೇಕ್ ಆಯಿಲ್ ಹರಿಯುವ ಪೈಪಿನೊಳಗೆ ಗಾಳಿ ಉಳಿದರೆ ಪೆಡಲ್ ಮೆತ್ತಗಾಗುತ್ತದೆ; ಅದನ್ನು ತೆಗೆಯುವುದಷ್ಟೇ ಬಾಕಿ. ಪೆಡಲ್ ಒತ್ತಲು ಅಕ್ಕನನ್ನು ಕೂರಿಸಿದೆ. ಒತ್ತು, ಹಿಡಿ, ಬಿಡು ಎಂದು ಮಧ್ಯಾಹ್ನವಿಡೀ ಚಕ್ರದ ಬಳಿ ಮಲಗಿ ಅರಚಿದೆ. ಆಯಿಲ್ ಡಬ್ಬಿಗಳು ಖಾಲಿಯಾದವು. ಗಾಳಿ ಮಾತ್ರ ಜಪ್ಪಯ್ಯ ಎಂದರೂ ಹೊರಗೆ ಬರಲಿಲ್ಲ.

ಕೊನೆಗೆ ರೇಗಿಬಿಟ್ಟೆ. "ಸರಿಯಾಗಿ ಒತ್ತೋಕೂ ಬರಲ್ವಾ? ಕಾಲಲ್ಲಿ ಜೀವ ಇಲ್ವಾ ನಿಂಗೆ?"

"ನನ್ನ ಕಾಲು ನೆಟ್ಟಗೇ ಇದೆ ಕಣೋ. ಮೊದಲು ನಿನ್ನ ತಲೇಲಿರೋ ಗಾಳಿ ತೆಗಿ," ಎಂದವಳು ಚಪ್ಪಲಿ ಮೆಟ್ಟಿ ಮನೆಗೆ ಹೊರಟೇಹೋದಳು.

ಸಾಮಾನು ಎತ್ತಿಡುವಾಗ ಕಣ್ಣಿಗೆ ಬಿತ್ತು. ಗಾಳಿ ಬಿಡುವ ತಿರುಪು ಕ್ಯಾಲಿಪರಿನ ತಳದಲ್ಲಿದೆ! ಗಾಳಿ ಸೇರುವುದು ಮೇಲೆ, ನಾನು ತೆಗೆಯುತ್ತಿದ್ದದ್ದು ಕೆಳಗಿಂದ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಎಂದು ಶಿಸ್ತಾಗಿ ಹಾಕಿದ್ದೆ. ಆದರೆ ಸೆಡಾನಿನಲ್ಲಿ ಕ್ಯಾಲಿಪರ್ ಇರುವುದು ಚಕ್ರದ ಹಿಂಬದಿಗೆ, ನನ್ನ ಕಾರಿನಲ್ಲಿ ಮುಂಬದಿಗೆ. ಎಡಬಲ ಅದಲುಬದಲು ಮಾಡದೆ ಹಾಕಿದರೆ ತಲೆಕೆಳಗೇ ಆಗುತ್ತದೆ. ಅಷ್ಟು ಹೊಳೆಯಲಿಲ್ಲವಲ್ಲ, ಥೂ.

ನಾಳೆ ಎಲ್ಲ ಬಿಚ್ಚಿ ಸರಿಯಾಗಿ ಹಾಕಿದ ಮೇಲೆ ಪೆಡಲ್ ಒತ್ತಲು ಮತ್ತೆ ಒಂದು ಕಾಲು ಬೇಕು. ಯಾವ ಮುಖ ಇಟ್ಟುಕೊಂಡು ಕರೆಯಲಿ? ತಪ್ಪು ನನ್ನದೇ ಎಂದು ಟೈಪ್ ಮಾಡಿ, ಅಳಿಸಿ, "ನಾಳೆ ಬಿಡುವಿದ್ಯಾ ಅಕ್ಕ?" ಎಂದಷ್ಟೇ ಕಳಿಸಿದೆ.

ಈಗ ಉತ್ತರ ಬಂದಿದೆ: "ಯಾಕೆ, ನನ್ನ ಕಾಲಿಗೆ ಜೀವ ಬಂತಾ?"