ಎರವಲು ಕಂಬಿ

ನವೆಂಬರ್ 3, ಭಾನುವಾರ

ನಮ್ಮೂರು ಮಆನ್‌ನಿಂದ ಹುಸೈನಿಯಾ ಶಾಲೆವರೆಗೂ ಇವತ್ತು ಮುಂದೊಂದು ಟ್ರೇಲರ್, ಹಿಂದೊಂದು ಟ್ರೇಲರ್, ನಡುವೆ ನನ್ನ ಪುಟ್ಟ ಕಾರು. ನಲವತ್ತೆಂಟನೇ ವಯಸ್ಸಿಗೆ ಲೈಸೆನ್ಸ್! ಹಾರ್ನ್ ಹೊಡೆಯುವುದೆಂದರೆ ಈಗಲೂ ಖುಷಿ. ಹುಡುಗಿಯರು ಗೇಟಿನಲ್ಲೇ ಕಾಯುತ್ತಿದ್ದರು. "ಸಬ್ಹಾ ಮಿಸ್, ಇವತ್ತು ಗೋಡೆಗೆ ತಾಗಿಸ್ಲಿಲ್ವಾ?" ತಲೆಹರಟೆಗಳು.

ಸಂಜೆ ಇವರು ಗಣಿಯ ಲೋಡನ್ನು ಅಕಬಾ ಬಂದರಿನಲ್ಲಿ ಇಳಿಸಿ ಬಂದರು, ಮೈತುಂಬ ಫಾಸ್ಫೇಟ್ ಧೂಳು. ಮೊದಲು ಲಾರಿ ತೊಳೆದರು, ಆಮೇಲೆ ಮುಖ. ಇಷ್ಟು ವರ್ಷ ಈ ಸವತಿಯ ಜೊತೆ ಹೇಗೋ ಹೊಂದಿಕೊಂಡಿದ್ದೇನೆ. ಚೆನ್ನಾಗಿಯೇ ಇದ್ದೇವೆ, ಮೂವರೂ.

ನವೆಂಬರ್ 6, ಬುಧವಾರ

ಬರೆಯಲು ಕೈ ಬರುತ್ತಿಲ್ಲ… ಶಾಲೆಯಿಂದ ಬರುವಾಗ ಹೆದ್ದಾರಿಯಲ್ಲಿ ನಿಂತ ಟ್ರೇಲರ್. ಅದರ ಬಾಲದ ಅಡಿಗೆ ಒಂದು ಬಿಳಿ ಕಾರು — ಅರ್ಧ ಕಾರು. ಬಾನೆಟ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಒಳಗೆ ಹೋಗಿದೆ. ಉಕ್ಕಿನ ಅಂಚು ನೇರ ಗಾಜಿಗೇ ಬಡಿದಿದೆ. ಮುಂದಿನ ಸೀಟುಗಳ ಮೇಲೆ ಕಂಬಳಿ ಹೊದಿಸಿದ್ದರು.

ಇವರನ್ನು ಕೇಳಿದೆ: "ಹಿಂದುಗಡೆ ಕೆಳಗೆ ಅಡ್ಡ ಕಂಬಿ ಇರಬೇಕಲ್ವಾ? ಕಾರು ಒಳಗೆ ನುಗ್ಗದ ಹಾಗೆ?"

"ಇರಬೇಕು. ತಪಾಸಣೆ ದಿನ ಇರುತ್ತೆ."

ಆಮೇಲೆ ಬಾಯಿ ಬಿಟ್ಟರು. ವೆಲ್ಡರ್ ಅಂಗಡಿಯಲ್ಲಿ ಒಂದು ಕಂಬಿ ಇದೆಯಂತೆ. ಯಾರ ಲಾರಿಗೆ ತಪಾಸಣೆಯೋ ಅವರು ಎರವಲು ತಂದು ಬೋಲ್ಟ್ ಹಾಕುವುದು, ಮುಗಿದ ಮೇಲೆ ಬಿಚ್ಚಿ ವಾಪಸ್. ಮದುವೆಗೆ ಒಡವೆ ತಂದ ಹಾಗೆ!

"ಗಣಿ ಇಳಿಜಾರಲ್ಲಿ ನೆಲಕ್ಕೆ ಉಜ್ಜುತ್ತೆ ಕಣೇ. ಎಲ್ಲರೂ ಮಾಡೋದು ಹಾಗೇನೇ."

ಊಟ ಬಡಿಸಿದೆ.

ನವೆಂಬರ್ 7

ಶಾಲೆಗೆ ರಜೆ ಹಾಕಿದೆ. ಕಾರು ಮುಟ್ಟಲು ಧೈರ್ಯ ಬರಲಿಲ್ಲ.

ನವೆಂಬರ್ 8, ಶುಕ್ರವಾರ

ನಮಾಜು ಮುಗಿಸಿ ಬಂದು ಎಲ್ಲರೂ ಕುರಿಮಾಂಸದ ಮನ್ಸಫ್ ಉಂಡರು. ಇವರು ದಿಂಬಿಗೆ ಒರಗಿದ ತಕ್ಷಣ ಲಾರಿಯ ಎರಡೂ ಕೀಲಿ ನನ್ನ ಜೇಬಿಗೆ. ಕಾರು ಹತ್ತಿದೆ. ಮೆಲ್ಲಗೆ, ಮೆಲ್ಲಗೆ, ಅಂಗಳದಲ್ಲಿ ನಿಂತಿದ್ದ ಲಾರಿಯ ಬಾಲದ ಅಡಿಗೆ ಬಿಟ್ಟೆ. ಬಾನೆಟ್ ಪೂರ್ತಿ ಒಳಗೆ ಹೋಯಿತು. ಉಕ್ಕಿನ ಅಂಚು ಗಾಜಿಗೆ ಬಂತು — ನನ್ನ ಮೂಗಿನ ನೇರಕ್ಕೆ. ಎಂಜಿನ್ ಆಫ್.

ಇವರು ಬರಿಗಾಲಲ್ಲಿ ಓಡಿ ಬಂದರು. "ಅಯ್ಯೋ! ಬ್ರೇಕ್ ಯಾವುದು ಅಂತ ಮರೆತೇಬಿಟ್ಯಾ?"

"ಮರೆತಿಲ್ಲ. ಕಂಬಿ ಹಾಕಿಸ್ತೀನಿ ಅನ್ನೋವರೆಗೂ ಇಲ್ಲಿಂದ ಏಳಲ್ಲ."

"ಜನ ನೋಡ್ತಿದಾರೆ, ಉಮ್ಮ್ ಜಾಸಿರ್." ಜನರ ಮುಂದೆ ಮಗನ ಹೆಸರು ಹಿಡಿದೇ ಕರೆಯುತ್ತಾರೆ, ಜಾಸಿರ್‌ನ ಅಮ್ಮ ಅಂತ.

"ನೋಡ್ಲಿ, ಅಬೂ ಜಾಸಿರ್. ಟೀ ಕಳಿಸಿ."

ಮೈದುನ ದೈಫುಲ್ಲಾ — ಅವನೂ ಲಾರಿಯವನೇ — ಗೋಡೆ ಮೇಲೆ ಕೂತು ಹಲ್ಲು ಕಿರಿದ. "ಅಣ್ಣಾ, ಅತ್ತಿಗೆ ಇನ್ನು ಅಲ್ಲೇ ಸಂಸಾರ ಹೂಡ್ತಾರಂತಾ?"

ಬೈದರು, ಗೋಗರೆದರು. ಕೊನೆಗೆ ಟೀ ಲೋಟ ಹಿಡಿದು ಬಂದು ಪಕ್ಕದ ಸೀಟಿನಲ್ಲಿ ಕೂತರು, ಸಮಾಧಾನ ಮಾಡಲು. "ನೋಡು, ನಾನೇನ್ ಹೇಳ್ತೀನಿ ಅಂದ್ರೆ…" ಅಷ್ಟೇ. ಆ ಅಂಚು ಅವರ ಕಣ್ಣೆದುರಿಗೇ ಇತ್ತು. ಜನ್ಮವೆಲ್ಲ ಮೇಲೆ ಕ್ಯಾಬಿನ್ನಿನಲ್ಲೇ ಕೂತ ಮನುಷ್ಯ, ತನ್ನ ಲಾರಿಯನ್ನು ಇಲ್ಲಿಂದ ನೋಡಿದ್ದೇ ಇಲ್ಲ.

"ನೀನು ದಿನಾ ಇಂಥವುಗಳ ಹಿಂದೇನೇ ಹೋಗೋದಾ?"

"ದಿನಾ. ನಿಮ್ಮ ಹಿಂದೆ ನಾನಿರಲ್ಲ, ನಿಜ. ನನ್ನಂಥ ಇನ್ಯಾರೋ ಇರ್ತಾರೆ."

ಟೀ ಕುಡಿಯಲಿಲ್ಲ. "ಹಾಕಿಸ್ತೀನಿ," ಅಂದರು. ಕೀಲಿ ಕೊಟ್ಟೆ.

ನವೆಂಬರ್ 11

ಕಂಬಿ ಬಂತು. ಎರವಲಲ್ಲ, ನಮ್ಮದೇ. ಬೋಲ್ಟ್ ಅಲ್ಲ, ವೆಲ್ಡಿಂಗೇ ಮಾಡಿಸಿದ್ದಾರೆ, ಮನಸ್ಸು ಬದಲಾಯಿಸಿದರೂ ಬಿಚ್ಚಲಾಗದ ಹಾಗೆ! "ಹೆಂಡತಿ ಹಾಕಿದ ಮೂಗುದಾರ," ಅಂದನಂತೆ ದೈಫುಲ್ಲಾ. "ಮೂಗುದಾರ ಹಿಂದೆ ಹಾಕ್ತಾರೇನೋ, ದಡ್ಡಾ?" ಅಂದರಂತೆ ಇವರು. ನಕ್ಕೂ ನಕ್ಕೂ ಸಾಕಾಯಿತು.

ನಾನೂ ಶಾಲೆಗೆ ಹೊರಟೆ. ಮುಂದಿನ ಲಾರಿಯಿಂದ ತುಂಬ ದೂರ ಬಿಟ್ಟುಕೊಂಡು. ಹಿಂದಿನವರು ಹಾರ್ನ್ ಹೊಡೆದುಕೊಳ್ಳಲಿ.

ನವೆಂಬರ್ 19

"ಇವತ್ತೂ ಗಣಿಯಲ್ಲಿ ಉಜ್ಜಿತು." ದಿನಾ ಇದೇ ಗೊಣಗಾಟ. ಗೊಣಗಲಿ.

ಡಿಸೆಂಬರ್ 12, ಗುರುವಾರ, ಸಂಜೆ

ಕ್ಲಾಸಿನ ಮಧ್ಯೆ ಫೋನು. ಇವರು. ರಾಸ್ ಅನ್ನಕಬ್ ಘಾಟಿಯಲ್ಲಿ ದಟ್ಟ ಮಂಜು, ಲೋಡ್ ಹೊತ್ತು ನಿಧಾನ ಇಳಿಯುತ್ತಿದ್ದರಂತೆ. ಹಿಂದಿನಿಂದ ಒಂದು ಕಾರು ಬಂದು ಗುದ್ದಿದೆ. ಗಂಡ, ಹೆಂಡತಿ, ಮಗು.

ಬೆಂಚಿನ ಮೇಲೆ ಕೂತುಬಿಟ್ಟೆ. "ಮಗು?"

"ಬಾನೆಟ್ ಜಜ್ಜಿ ಹೋಗಿದೆ. ಕಂಬಿ ಬಾಗಿದೆ. ಒಳಗೆ ಹೋಗಿಲ್ಲ ಕಣೇ, ಒಳಗೆ ಹೋಗಿಲ್ಲ… ಆ ಹೆಂಗಸು ಮಗು ಎತ್ಕೊಂಡು ಇಳಿದು ಬಂದು ಬೈತಾ ಇದಾಳೆ! ನಮ್ಮಪ್ಪ, ತಾತ, ಯಾರನ್ನೂ ಬಿಟ್ಟಿಲ್ಲ. ಕೇಳು."

ಫೋನು ಅತ್ತ ಹಿಡಿದರು. ಮಗುವಿನ ಅಳು. ಅದರ ಮೇಲೆ ಹೆಂಗಸಿನ ಗಂಟಲು: "ರಸ್ತೆಯೇನು ನಿನ್ನ ಅಪ್ಪಂದೇನೋ? ಇದೇನು ಓಡಿಸ್ತಿದೀಯೋ ಮಲಗಿದೀಯೋ?"

"ಗುದ್ದಿದ್ದು ಅವಳ ಗಂಡ ಅಲ್ವಾ?" ಅಂದೆ.

"ಹೌದು. ಇರ್ಲಿ." ಇವರು ಅಳುತ್ತಿದ್ದರು. "ಬಯ್ಲಿ ಬಿಡು. ಎಷ್ಟು ಹೊತ್ತಾದ್ರೂ ಬಯ್ಲಿ."

ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಅಳುತ್ತ ನಗುತ್ತಿದ್ದೆ.

ಲಾರಿ ಸದ್ದು. ಬಂದರು. ಹೋಗಿ ಮೊದಲು ಆ ಬಾಗಿದ ಕಂಬಿ ಮುಟ್ಟಿ ನೋಡಬೇಕು, ಆಮೇಲೆ ಇವರ ಮುಖ.